ಸಾದಾ ಹಾಕಿಸಬೇಕಾ, ಪವರ್ ಹಾಕಿಸಬೇಕಾ? ನಿಮ್ಮ ಗಾಡಿಗೆ ಎಷ್ಟು ಆಕ್ಟೇನ್ ಸಾಕು ಅಂತ ತಿಳಿದುಕೊಳ್ಳುವುದು ಹೀಗೆ

ವಿಜಯಪುರದಲ್ಲಿ ಸೋಲಾಪುರ ರಸ್ತೆಯ ಪಂಪಿಗೆ ಗಾಡಿ ಹೊಡೆದರೆ ಹುಡುಗ ಮೊದಲು ಕೇಳುವುದು ಇದನ್ನೇ. "ಸಾದಾ ಹಾಕ್ಲೇನ್ರಿ, ಪವರ್ ಹಾಕ್ಲೇನ್ರಿ?" ಪವರ್ ಅಂದರೆ ಜಾಸ್ತಿ ಬೆಲೆಯ ಪ್ರೀಮಿಯಂ ಪೆಟ್ರೋಲ್. ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೆಯುತ್ತಿರುತ್ತವೆ. ಯೋಚನೆ ಮಾಡೋಕೆ ಟೈಮ್ ಇರುವುದಿಲ್ಲ. "ಒಳ್ಳೇದು ಹಾಕಪಾ" ಅಂದುಬಿಡುತ್ತೇವೆ.

ಆ "ಒಳ್ಳೇದು" ಅನ್ನುವ ಮಾತಿನಲ್ಲೇ ತಪ್ಪಿದೆ. ಆಕ್ಟೇನ್ ನಂಬರ್ ಜಾಸ್ತಿ ಇದ್ದರೆ ಪೆಟ್ರೋಲ್ ಒಳ್ಳೇದು, ಕಡಿಮೆ ಇದ್ದರೆ ಕಳಪೆ ಅಂತ ಅಲ್ಲ. ಚಪ್ಪಲಿ ನಂಬರ್ ಇದ್ದ ಹಾಗೆ ಅದು. ಏಳು ನಂಬರಿನ ಕಾಲಿಗೆ ಒಂಬತ್ತು ನಂಬರಿನ ಚಪ್ಪಲಿ ತಂದರೆ ಯಾರಿಗೆ ಲಾಭ? ನನ್ನ ಸುತ್ತ ಇರುವವರಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಜಾಸ್ತಿ ದುಡ್ಡು ಕೊಟ್ಟು, ಗಾಡಿಗೆ ಬೇಡದ್ದನ್ನು ಹಾಕಿಸುತ್ತಿದ್ದಾರೆ. ಇನ್ನು ಕೆಲವರು ನಿಜವಾಗಿ ಬೇಕಾದ ಗಾಡಿಗೂ ಹಾಕಿಸದೆ ಎಂಜಿನ್ ಹಾಳು ಮಾಡಿಕೊಳ್ಳುತ್ತಾರೆ. ಎರಡೂ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಕ್ಟೇನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಅದು ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚುವುದನ್ನು ನೀವು ನೋಡಿರುತ್ತೀರಿ. ಒಂದು ಬದುವಿನಿಂದ ಹಚ್ಚಿದರೆ ಬೆಂಕಿ ಸಾಲು ಹಿಡಿದು ಮುಂದೆ ಸಾಗುತ್ತದೆ. ಎಂಜಿನ್ ಒಳಗೂ ಹಾಗೆಯೇ ಆಗಬೇಕು. ಪಿಸ್ಟನ್ ಮೇಲೆ ಬಂದು ಪೆಟ್ರೋಲ್ ಮತ್ತು ಗಾಳಿಯನ್ನು ಒತ್ತುತ್ತದೆ, ಪ್ಲಗ್ ಕಿಡಿ ಕೊಡುತ್ತದೆ, ಬೆಂಕಿ ಆ ಕಿಡಿಯಿಂದ ಶುರುವಾಗಿ ಸುತ್ತ ಹರಡುತ್ತದೆ. ಆದರೆ ಒತ್ತಡ, ಬಿಸಿ ಎರಡೂ ಜಾಸ್ತಿಯಾದರೆ ಬೆಂಕಿ ಇನ್ನೂ ತಲುಪದ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿಯೇ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಹೊಲದ ಆ ಕಡೆ ಬದುವಿನಲ್ಲೂ ಯಾರೂ ಹಚ್ಚದೆ ಬೆಂಕಿ ಎದ್ದ ಹಾಗೆ. ಅದರ ಪೆಟ್ಟು ಪಿಸ್ಟನ್ ಮೇಲೆ ಬೀಳುತ್ತದೆ, ಕಟಕಟ ಅನ್ನುವ ಸದ್ದು ಬರುತ್ತದೆ. ಇದನ್ನೇ ಗ್ಯಾರೇಜಿನಲ್ಲಿ ನಾಕಿಂಗ್ ಅನ್ನುತ್ತಾರೆ.

ಹೀಗೆ ತಾನಾಗಿ ಹತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್. ಅಷ್ಟೇ. ಅದರಲ್ಲಿ ಶಕ್ತಿ ಎಷ್ಟಿದೆ, ಎಷ್ಟು ಸ್ವಚ್ಛ ಇದೆ, ಎಷ್ಟು ಮೈಲೇಜ್ ಕೊಡುತ್ತದೆ ಅನ್ನುವುದನ್ನು ಆ ನಂಬರ್ ಹೇಳುವುದಿಲ್ಲ. ಅಳೆಯುವುದೂ ಹೋಲಿಕೆಯ ಮೇಲೆ. ಐಸೊ ಆಕ್ಟೇನ್ ಅನ್ನುವ ದ್ರವಕ್ಕೆ 100 ಅಂತ, ಹೆಪ್ಟೇನ್ ಅನ್ನುವುದಕ್ಕೆ 0 ಅಂತ ಇಟ್ಟುಕೊಂಡಿದ್ದಾರೆ. ಒಂದು ಪೆಟ್ರೋಲ್ 91 ಅಂದರೆ 91 ಪಾಲು ಐಸೊ ಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣ ಎಷ್ಟು ತಡೆಯುತ್ತದೋ ಇದೂ ಅಷ್ಟೇ ತಡೆಯುತ್ತದೆ ಅಂತ ಅರ್ಥ. ಒಂದೇ ಸಿಲಿಂಡರಿನ ವಿಶೇಷ ಎಂಜಿನ್ನಿನಲ್ಲಿ, ನಿಮಿಷಕ್ಕೆ 600 ಸುತ್ತು ಓಡಿಸಿ ಇದನ್ನು ಪರೀಕ್ಷೆ ಮಾಡುತ್ತಾರೆ. ಹಾಗೆ ಬಂದ ನಂಬರಿಗೆ ಆರ್‌ಒಎನ್ ಅಂತ ಹೆಸರು. ನಮ್ಮ ದೇಶದ ಪಂಪುಗಳಲ್ಲಿ ಹೇಳುವ ಆಕ್ಟೇನ್ ಎಲ್ಲ ಇದೇ ಲೆಕ್ಕದ್ದು.

ಮುಚ್ಚಳ ತೆಗೆದು ನೋಡಿ

ಈಗ ಕೆಲಸಕ್ಕೆ ಬರೋಣ. ನಿಮ್ಮ ಗಾಡಿಯ ಪೆಟ್ರೋಲ್ ಟ್ಯಾಂಕಿನ ಹೊರಗಿನ ಮುಚ್ಚಳ ತೆಗೆಯಿರಿ. ಒಳಗಡೆ ಒಂದು ಸ್ಟಿಕರ್ ಇರುತ್ತದೆ. ಕೆಲವದರಲ್ಲಿ ಬರೀ ಇ10 ಅಥವಾ ಇ20 ಅಂತ ಇರುತ್ತದೆ (ಪೆಟ್ರೋಲಿನಲ್ಲಿ ನೂರಕ್ಕೆ ಎಷ್ಟು ಪಾಲು ಎಥನಾಲ್ ಅನ್ನುವ ಆಲ್ಕೋಹಾಲ್ ಇರಬಹುದು ಅನ್ನುವುದರ ಗುರುತು ಅದು), ಕೆಲವದರಲ್ಲಿ ಆರ್‌ಒಎನ್ ಜೊತೆ 91 ಅಥವಾ 95 ಅಂತ ನಂಬರೂ ಇರುತ್ತದೆ. ಸ್ಟಿಕರ್ ಕಿತ್ತುಹೋಗಿದ್ದರೆ ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ನಮ್ಮಲ್ಲಿ ಆ ಪುಸ್ತಕ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇರುತ್ತದೆ, ಅಲ್ವಾ? ಅದರಲ್ಲಿ ಇಂಧನದ ಬಗ್ಗೆ ಒಂದು ಪುಟ ಇದ್ದೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ, ಪುಸ್ತಕ ಇಲ್ಲ ಅಂದರೆ ಬಹಳಷ್ಟು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಮಾಡೆಲ್ ಮತ್ತು ವರ್ಷ ಸರಿಯಾಗಿ ನೋಡಿ ಇಳಿಸಿಕೊಳ್ಳಿ.

ಓದುವಾಗ ಒಂದು ಮಾತು ಗಮನಿಸಿ. "ಕನಿಷ್ಠ ಇಷ್ಟು ಬೇಕು" ಅನ್ನುವುದು ಬೇರೆ, "ಇಷ್ಟಿದ್ದರೆ ಉತ್ತಮ" ಅನ್ನುವುದು ಬೇರೆ. ಕನಿಷ್ಠ 91 ಅಂದರೆ 91 ಇರುವುದು, ಅದಕ್ಕಿಂತ ಮೇಲಿನದು ಯಾವುದು ಹಾಕಿದರೂ ಎಂಜಿನ್ ಸುಖವಾಗಿರುತ್ತದೆ. ಕನಿಷ್ಠ 95 ಅಂದಿದ್ದರೆ ಅದಕ್ಕಿಂತ ಕೆಳಗೆ ಹೋಗಲೇಬೇಡಿ. ಕನಿಷ್ಠ 91, ಉತ್ತಮಕ್ಕೆ 95 ಅಂತ ಇದ್ದರೆ 91ರಲ್ಲಿ ಎಂಜಿನ್ನಿಗೆ ಅಪಾಯ ಇಲ್ಲ, ಆದರೆ ಕಂಪನಿ ಹೇಳಿದ ಪೂರ್ತಿ ಎಳೆತ ಸಿಗುವುದು 95ರಲ್ಲಿ.

ಇನ್ನೊಂದು ಕಡೆ ಜನ ಎಡವುತ್ತಾರೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ಪುಟಗಳು ಬರುತ್ತವೆ, ಅಲ್ಲಿ 87, 89, 93 ಅಂತ ಬರೆದಿರುತ್ತದೆ. "ಅಮೆರಿಕದವರೇ 87 ಹಾಕಿಸುತ್ತಾರೆ, ನಮ್ಮಲ್ಲಿ 91 ಇದೆ, ಅಂದರೆ ನಮ್ಮದೇ ಮೇಲು" ಅಂತ ಗೆಳೆಯನೊಬ್ಬ ವಾದ ಮಾಡಿದ್ದ. ಹಾಗಲ್ಲ. ಅವರ ಲೆಕ್ಕವೇ ಬೇರೆ. ಅಲ್ಲಿ ಆರ್‌ಒಎನ್ ಮತ್ತು ಇನ್ನೂ ಕಠಿಣವಾದ ಇನ್ನೊಂದು ಪರೀಕ್ಷೆಯ ನಂಬರ್, ಎರಡನ್ನೂ ಕೂಡಿಸಿ ಅರ್ಧ ಮಾಡಿ ಪಂಪಿನ ಮೇಲೆ ಅಂಟಿಸುತ್ತಾರೆ. ಅವರ 87 ಅಂದರೆ ಹೆಚ್ಚು ಕಡಿಮೆ ನಮ್ಮ 91. ಅವರ 91 ಅಂದರೆ ನಮ್ಮ 95ರ ಆಸುಪಾಸು. ಅವರ 93 ಅಂದರೆ ನಮ್ಮ 98ರ ಹತ್ತಿರ. ಹೊರದೇಶದ ಗಾಡಿಯ ಪುಸ್ತಕ ಓದುವಾಗ ಯಾವ ಲೆಕ್ಕ ಅಂತ ನೋಡಿಕೊಂಡೇ ಮುಂದೆ ಹೋಗಿ.

ಡೀಸೆಲ್ ಗಾಡಿಯವರಿಗೆ ಈ ಲೆಕ್ಕ ಯಾವುದೂ ಬೇಡ. ಡೀಸೆಲ್ ತಾನಾಗಿ ಹತ್ತಿಕೊಳ್ಳುವುದೇ ಅಲ್ಲಿ ಬೇಕಾದ್ದು. ಹಾಗಾಗಿ ಅದಕ್ಕೆ ಸೀಟೇನ್ ಅಂತ ಬೇರೆ ಅಳತೆ ಇದೆ.

ಸಾದಾ ಪೆಟ್ರೋಲ್ ಈಗ ಬದಲಾಗಿದೆ

ಬಹಳ ಜನರಿಗೆ ಇನ್ನೂ ಗೊತ್ತಿಲ್ಲದ ಸಂಗತಿ ಇದು. ಹಿಂದೆ ನಮ್ಮ ದೇಶದ ಸಾದಾ ಪೆಟ್ರೋಲಿನ ಆಕ್ಟೇನ್ 88 ಇತ್ತು. ಆಮೇಲೆ 91 ಆಯಿತು. ಈಗ ಪಂಪಿನಲ್ಲಿ ಸಿಗುವ ಸಾದಾ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಇರುತ್ತದೆ, ಅದಕ್ಕೇ ಇ20 ಅನ್ನುವ ಹೆಸರು. 2025ರ ಆಗಸ್ಟ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿದ ಪ್ರಕಾರ ಈ ಮಿಶ್ರಣದ ಆಕ್ಟೇನ್ 95.

ಹೇಗೆ ಏರಿತು? ಎಥನಾಲ್‌ನ ಸ್ವಂತ ಆಕ್ಟೇನ್ ಸುಮಾರು 108. ಬೆರೆಸಿದರೆ ಒಟ್ಟು ನಂಬರ್ ಮೇಲೆ ಹೋಗುತ್ತದೆ. ಜೊತೆಗೆ ಅದು ಆವಿಯಾಗುವಾಗ ಒಳಗೆ ಬರುವ ಗಾಳಿಯನ್ನು ತಂಪು ಮಾಡುತ್ತದೆ, ಅದರಿಂದಲೂ ನಾಕಿಂಗ್ ಕಡಿಮೆಯಾಗುತ್ತದೆ. ಮುಧೋಳ, ಜಮಖಂಡಿ, ಅಥಣಿ, ರಾಯಬಾಗದ ಕಡೆ ಹಂಗಾಮಿನಲ್ಲಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಿರುತ್ತದಲ್ಲ, ಆ ಕಬ್ಬಿನ ರಸದಿಂದ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಬರುವುದು ಈ ಎಥನಾಲ್. ಮೆಕ್ಕೆಜೋಳದಿಂದ, ನುಚ್ಚಕ್ಕಿಯಿಂದಲೂ ಮಾಡುತ್ತಾರೆ. ಒಂದು ಕಾಲದಲ್ಲಿ ಇದೇ ಕೆಲಸಕ್ಕೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಕಂಡುಹಿಡಿದ ದಾರಿ ಅದು. ಎಂಜಿನ್ನಿಗೆ ಸರಿಹೋಯಿತು, ಮನುಷ್ಯರಿಗೆ ವಿಷವಾಯಿತು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, ಅದೂ 2021ರಲ್ಲಿ. ಮಕ್ಕಳ ಮೆದುಳಿಗೆ ಕುತ್ತು ತರುವ ಸೀಸದ ಬದಲು ನಮ್ಮ ಹೊಲದ ಕಬ್ಬು ಆ ಕೆಲಸ ಮಾಡುತ್ತಿದೆ ಅನ್ನುವುದು ನನಗೆ ಸಣ್ಣ ಮಾತು ಅನ್ನಿಸುವುದಿಲ್ಲ.

ಆದರೆ ಇದರ ಇನ್ನೊಂದು ಬದಿಯನ್ನೂ ಹೇಳಬೇಕು. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಆಕ್ಟೇನ್ ಏರಿದರೂ ಮೈಲೇಜ್ ಇಳಿಯಬಹುದು. ನೀತಿ ಆಯೋಗದ 2021ರ ವರದಿಯಲ್ಲೇ ಇದೆ: ಇ20 ಹಾಕಿದಾಗ, ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ನೂರಕ್ಕೆ 6ರಿಂದ 7, ಅಂಥದೇ ಬೈಕುಗಳಲ್ಲಿ 3ರಿಂದ 4, ಇ10ಕ್ಕೆ ಮಾಡಿ ಇ20ಗೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2ರಷ್ಟು ಇಳಿಯುತ್ತದೆ ಅಂತ. "ಮೈಲೇಜ್ ಬಿತ್ತು, ಅದಕ್ಕೆ ಪ್ರೀಮಿಯಂ ಹಾಕಿಸ್ತೀನಿ" ಅನ್ನುವವರು ಇಲ್ಲಿ ನಿಂತು ಯೋಚಿಸಬೇಕು. ಮೈಲೇಜ್ ಇಳಿದದ್ದು ಆಕ್ಟೇನ್ ಕಡಿಮೆಯಾಗಿ ಅಲ್ಲ, ಎಥನಾಲ್ ಬಂದದ್ದರಿಂದ. ಆಕ್ಟೇನ್ ಏರಿಸಿದರೆ ಆ ರೋಗಕ್ಕೆ ಔಷಧ ಆಗುವುದಿಲ್ಲ.

ಹಾಗಾದರೆ ಪ್ರೀಮಿಯಂ ಯಾರಿಗೆ?

ಪಂಪುಗಳಲ್ಲಿ ಸಾದಾ ಬಿಟ್ಟರೆ ಹೆಚ್ಚಾಗಿ ಸಿಗುವುದು ಎರಡು ಥರ. ಇಂಡಿಯನ್ ಆಯಿಲ್‌ನವರ ಎಕ್ಸ್‌ಪಿ95, ಎಚ್‌ಪಿಯವರ ಪವರ್95 ಒಂದು ಥರ. 100 ಆಕ್ಟೇನಿನದು ಇನ್ನೊಂದು ಥರ. ಎಕ್ಸ್‌ಪಿ100 ಬಂದದ್ದು 2020ರ ಡಿಸೆಂಬರ್‌ನಲ್ಲಿ, ಮೊದಲು ಬರೀ ಹತ್ತು ಊರುಗಳಲ್ಲಿ. ಅದರಲ್ಲಿ ನಮಗೆ ಹತ್ತಿರದ್ದು ಪುಣೆ.

95ರ ಪ್ರೀಮಿಯಂ ಮತ್ತು ಈಗಿನ ಸಾದಾ ಇ20, ನಂಬರ್ ಲೆಕ್ಕದಲ್ಲಿ ಇವೆರಡರ ನಡುವೆ ಈಗ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿಲ್ಲ. ಉಳಿದದ್ದು ಇಂಜೆಕ್ಟರ್, ವಾಲ್ವ್ ಶುಚಿಯಾಗಿಡಲು ಬೆರೆಸುವ ರಾಸಾಯನಿಕ. ಅದಕ್ಕೆ ಬೆಲೆ ಇಲ್ಲ ಅನ್ನುವುದಿಲ್ಲ. ಇಂಗಾಲ ಕಟ್ಟುವುದನ್ನು ಅದು ಸ್ವಲ್ಪ ತಡೆಯುತ್ತದೆ. ಆದರೆ ಸಿಲಿಂಡರಿನ ಒಳಗೇ ನೇರ ಪೆಟ್ರೋಲ್ ಚಿಮ್ಮಿಸುವ ಹೊಸ ಟರ್ಬೊ (ಗಾಳಿಯನ್ನು ಒತ್ತಿ ಒಳಗೆ ತುಂಬುವ) ಎಂಜಿನ್ನುಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿಗೆ ತಾಗುವುದೇ ಇಲ್ಲ. ಆ ವಾಲ್ವು ತೊಳೆಯುವ ಮಾತು ಅಲ್ಲಿ ನಡೆಯುವುದಿಲ್ಲ.

ಯಾವ ಎಂಜಿನ್ನಿಗೆ ಜಾಸ್ತಿ ಆಕ್ಟೇನ್ ಬೇಕು ಅನ್ನುವುದು ಅದು ಎಷ್ಟು ಒತ್ತುತ್ತದೆ ಅನ್ನುವುದರ ಮೇಲಿದೆ. ಇದಕ್ಕೆ ಕಂಪ್ರೆಶನ್ ರೇಶಿಯೊ ಅನ್ನುತ್ತಾರೆ. ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಅದು 9.5ಕ್ಕೆ 1, ನಿಧಾನದ ಎಂಜಿನ್, ಅದಕ್ಕೆ 100 ಆಕ್ಟೇನ್ ಹಾಕಿಸುವುದು ಸುಮ್ನೆ ದುಡ್ಡು ಸುರಿದಂತೆ. ಕೆಟಿಎಂ ಡ್ಯೂಕ್ 390ರಲ್ಲಿ 12ರ ಮೇಲಿದೆ. ಮಾರುತಿಯ 1.2 ಲೀಟರಿನ ಡ್ಯುಯಲ್ ಜೆಟ್ ಎಂಜಿನ್ನಿನಲ್ಲೂ 12ಕ್ಕೆ 1 ಇದೆ, ಆದರೂ ಅದು ಸಾದಾ ಪೆಟ್ರೋಲಿಗೇ ಮಾಡಿದ ಎಂಜಿನ್. ಅಂದರೆ ರೇಶಿಯೊ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಸಿಲಿಂಡರಿನ ಆಕಾರ, ತಂಪು ಮಾಡುವ ರೀತಿ, ಕಂಪ್ಯೂಟರಿನ ಲೆಕ್ಕ ಎಲ್ಲ ಸೇರಿರುತ್ತದೆ. ಪುಸ್ತಕ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಟರ್ಬೊ ಕಾರಿದ್ದು, ಪುಸ್ತಕದಲ್ಲಿ 95 ಅಂತ ಬರೆದಿದ್ದರೆ 95 ಹಾಕಿ. ಹೊರದೇಶದಿಂದ ಬಂದ ದುಬಾರಿ ಗಾಡಿ, 98 ಕೇಳುತ್ತದೆ ಅಂದರೆ 100 ಹಾಕಿ. ಸಿಗದ ಊರಿಗೆ ಹೋಗಿ ಸಾದಾ ಹಾಕಿಸಬೇಕಾಗಿ ಬಂದರೆ ಗಾಬರಿ ಬೇಡ. ಆಕ್ಸಿಲರೇಟರ್ ಪೂರ್ತಿ ತುಳಿಯದೆ ನಿಧಾನಕ್ಕೆ ಓಡಿಸಿ, ಮುಂದಿನ ದೊಡ್ಡ ಊರಿನಲ್ಲಿ ಸರಿಯಾದ್ದು ತುಂಬಿಸಿ. ಎರಡೂ ಬೆರೆತರೆ ಏನೂ ಆಗುವುದಿಲ್ಲ. ಅರ್ಧ 95, ಅರ್ಧ 100 ಹಾಕಿದರೆ ಹೆಚ್ಚು ಕಡಿಮೆ ನಡುವಿನ ನಂಬರ್ ಸಿಗುತ್ತದೆ.

ಉಳಿದ ಎಲ್ಲರಿಗೂ, ಅಂದರೆ ಸ್ಪ್ಲೆಂಡರ್, ಆಕ್ಟಿವಾ, ಸಣ್ಣ ಕಾರು, ಮನೆಮಂದಿ ಓಡಾಡುವ ಸಾಮಾನ್ಯ ಕಾರು, ಇವಕ್ಕೆಲ್ಲ ಸಾದಾ ಸಾಕು.

ಕಟಕಟ ಸದ್ದು ಬಂದರೆ

ಇಲ್ಲಿ ನಮ್ಮ ಕಾಕಾನ ಕತೆ ಹೇಳಬೇಕು. ಜಮಖಂಡಿಯಲ್ಲಿ ಇರುತ್ತಾರೆ. ಹಳೆಯದೊಂದು ಸಣ್ಣ ಕಾರು, ತೋಟ ಮತ್ತು ಊರಿನ ನಡುವೆ ಓಡಾಟ. ಒಂದು ಮೇ ತಿಂಗಳಲ್ಲಿ ಮನೆಯವರೆಲ್ಲ ಗೋವಾಕ್ಕೆ ಹೋಗಿದ್ದೆವು. ಬರುವಾಗ ಚೋರ್ಲಾ ಘಾಟ್ ಹತ್ತಬೇಕು. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಆನ್. ಘಾಟ್ ಅರ್ಧ ಹತ್ತುವಷ್ಟರಲ್ಲಿ ಎಂಜಿನ್ನಿನಿಂದ ಸದ್ದು ಶುರುವಾಯಿತು, ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ. ಕಾಕಾ ಗೇರ್ ಇಳಿಸದೆ ಮೂರನೇ ಗೇರಿನಲ್ಲೇ ತುಳಿಯುತ್ತಿದ್ದರು.

ಊರಿಗೆ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ ತೋರಿಸಿದರು. ಬಾನೆಟ್ ಎತ್ತಿ ನೋಡಿ, "ಇನ್ ಮ್ಯಾಲೆ ಪವರ್ ಹಾಕಸ್ರಿ, ಸರಿ ಹೋಗ್ತೈತಿ" ಅಂದರಂತೆ. ಕಾಕಾ ಒಂದೂವರೆ ವರ್ಷ ಪವರ್ ಹಾಕಿಸಿದರು. ಸದ್ದು ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ ಬೇರೆ ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿದಾಗ ಗೊತ್ತಾಯಿತು, ಮುಂದಿನ ಜಾಲರಿ ತುಂಬ ಮಣ್ಣು ಮತ್ತು ಹೊಲದ ಕಸ ಕೂತಿತ್ತು, ಗಾಳಿ ದಾಟುತ್ತಲೇ ಇರಲಿಲ್ಲ. ಕೂಲಂಟ್ ಬದಲು ಬರೀ ಬೋರ್‌ವೆಲ್ ನೀರು ಹಾಕಿಟ್ಟಿದ್ದರು, ಒಳಗೆ ಬಿಳಿ ಗಾರೆ ಕಟ್ಟಿತ್ತು. ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಬಿಸಿ ಓಡುತ್ತಿತ್ತು, ನಾಕಿಂಗ್ ಅದರಿಂದ. ತೊಳೆದು, ಹೊಸ ಕೂಲಂಟ್ ಹಾಕಿ, ಪ್ಲಗ್ ಬದಲಿಸಿದರು. ಆಮೇಲೆ ಬಂದ ದೀಪಾವಳಿಗೆ ಮತ್ತೆ ಚೋರ್ಲಾ ಹತ್ತಿದೆವು, ಸಾದಾ ಪೆಟ್ರೋಲಿನಲ್ಲಿ. ಸದ್ದೇ ಇಲ್ಲ. ಒಂದೂವರೆ ವರ್ಷ ಕೊಟ್ಟ ಹೆಚ್ಚಿನ ದುಡ್ಡು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಕಾಕಾ ಏನೂ ಲೆಕ್ಕ ಇಡದ ಮನುಷ್ಯ ಅಲ್ಲ.

ಹಾಗಾಗಿ ಕಟಕಟ ಕೇಳಿದ ತಕ್ಷಣ ಪೆಟ್ರೋಲ್ ಬದಲಿಸಬೇಡಿ. ಮೊದಲು ನೀವು ಓಡಿಸುವ ರೀತಿ ನೋಡಿ. ಏರಿನಲ್ಲಿ ದೊಡ್ಡ ಗೇರಿನಲ್ಲೇ ಕಾಲು ಒತ್ತಿ ಎಳೆಸಿದರೆ ಯಾವ ಎಂಜಿನ್ ಆದರೂ ಕೊಸರುತ್ತದೆ. ಒಂದು ಗೇರ್ ಇಳಿಸಿ ನೋಡಿ, ಸದ್ದು ನಿಂತರೆ ಅರ್ಧ ಉತ್ತರ ಸಿಕ್ಕಂತೆ. ಆಮೇಲೆ ಬಿಸಿಯ ಮುಳ್ಳು, ಕೂಲಂಟ್, ರೇಡಿಯೇಟರ್ ಫ್ಯಾನ್. ಆಮೇಲೆ ಪ್ಲಗ್. ಕಂಪನಿ ಹೇಳಿದ ನಂಬರಿನ ಪ್ಲಗ್ಗೇ ಇರಬೇಕು, ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಹಾಕಿದರೆ ಅದರ ತುದಿ ಕೆಂಡವಾಗಿ ಅದೇ ಬೆಂಕಿ ಹಚ್ಚುತ್ತದೆ. ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್ನಿನಲ್ಲಿ ಇಂಗಾಲ ಕಟ್ಟಿ ಒಳಗಿನ ಜಾಗ ಕಿರಿದಾಗಿರುತ್ತದೆ, ಒತ್ತಡ ತಾನಾಗಿ ಏರಿರುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಯಾದರೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಕೂಡಿಸುವಾಗ ತುಸು ಮುಂದೆ ಆಗಿರಬಹುದು, ಕೈ ಪಳಗಿದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಸರಿ ಮಾಡಿಕೊಡುತ್ತಾನೆ. ಇದೆಲ್ಲ ಸರಿ ಇದ್ದೂ ಸದ್ದು ಉಳಿದರೆ ಆಗ ಒಂದು ಟ್ಯಾಂಕ್ ಜಾಸ್ತಿ ಆಕ್ಟೇನ್ ಹಾಕಿ ನೋಡುವುದು ಸರಿಯಾದ ಕ್ರಮ.

ಹೊಸ ಗಾಡಿಗಳಲ್ಲಿ ಒಂದು ತೊಡಕಿದೆ. ಎಂಜಿನ್ ಮೈಗೆ ನಾಕ್ ಸೆನ್ಸರ್ ಅಂತ ಅಂಟಿಸಿರುತ್ತಾರೆ. ನಿಮ್ಮ ಕಿವಿಗೆ ಬೀಳುವ ಮೊದಲೇ ಅದಕ್ಕೆ ಪೆಟ್ಟು ಗೊತ್ತಾಗಿ, ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಎಳೆತ ಕಡಿಮೆ, ಮೈಲೇಜ್ ಕಡಿಮೆ. ಸದ್ದಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತ ಅಲ್ಲ. ಅದೇ ಕಾರಣಕ್ಕೆ 95 ಕೇಳುವ ಟರ್ಬೊ ಗಾಡಿಗೆ ಅದಕ್ಕಿಂತ ಕಡಿಮೆ ಹಾಕಿದರೆ ಏರಿನಲ್ಲಿ ಮಂಕಾಗುತ್ತದೆ. ಆದರೆ 91 ಸಾಕು ಅನ್ನುವ ಗಾಡಿಗೆ 100 ಹಾಕಿದರೆ ಕಂಪ್ಯೂಟರಿಗೆ ಕಿಡಿಯನ್ನು ಇನ್ನೂ ಮುಂದೆ ತರಲು ಜಾಗವೇ ಇರುವುದಿಲ್ಲ, ಬಹಳ ಅಂದರೆ ಕೂದಲೆಳೆಯಷ್ಟು ಫರಕು.

ನಮ್ಮ ಕಡೆಯ ಬಿಸಿಲು, ಎತ್ತರದ ಬಗ್ಗೆಯೂ ಒಂದು ಮಾತು. ಏಪ್ರಿಲ್, ಮೇನಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಬಿಸಿ, ಹಾಗಾಗಿ ನಾಕಿಂಗ್ ಸಾಧ್ಯತೆ ಜಾಸ್ತಿ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು, ತಂಪೂ ಹೌದು. ಟರ್ಬೊ ಇಲ್ಲದ ಎಂಜಿನ್ನಿಗೆ ಅಲ್ಲಿ ಒತ್ತಡ ತುಸು ಕಡಿಮೆ. ಅದೇ ಗಾಡಿ ಬೆಳಗಾವಿಯಲ್ಲಿ ಸುಮ್ಮನಿದ್ದು, ಗೋವಾ ಕರಾವಳಿಗೆ ಇಳಿದು ಮತ್ತೆ ಏರುವಾಗ ಕಟಕಟ ಅಂದರೆ ಆಶ್ಚರ್ಯ ಪಡಬೇಡಿ. ಅಮೆರಿಕದಲ್ಲಿ 1,600 ಮೀಟರ್ ಎತ್ತರದ ಡೆನ್ವರ್ ಕಡೆ ಇದೇ ಕಾರಣಕ್ಕೆ ಅವರ ಲೆಕ್ಕದ 85 ಕೂಡ ಮಾರುತ್ತಾರೆ.

ದುಡ್ಡಿನ ಲೆಕ್ಕ ನೀವೇ ಹಾಕಿ

ಸಾದಾ ಲೀಟರಿಗೆ 100 ರೂಪಾಯಿ, ಪ್ರೀಮಿಯಂ 108 ಅಂತ ಇಟ್ಟುಕೊಳ್ಳಿ, ಲೆಕ್ಕ ಸುಲಭವಾಗಲಿ ಅಂತ. ಸಾದಾದಲ್ಲಿ 18 ಕಿಲೋಮೀಟರ್ ಕೊಡುವ ಕಾರು ಪ್ರೀಮಿಯಂನಲ್ಲಿ 19.4 ಕೊಟ್ಟರೆ ಮಾತ್ರ ದುಡ್ಡಿಗೆ ದುಡ್ಡು ಸಮ. ತಿಂಗಳಿಗೆ 40 ಲೀಟರ್ ಹಾಕಿಸುವವರಿಗೆ 320 ರೂಪಾಯಿ ಜಾಸ್ತಿ, ವರ್ಷಕ್ಕೆ 3,840. ಆ ದುಡ್ಡಿನಲ್ಲಿ ಸಣ್ಣ ಕಾರಿಗೆ ಪ್ಲಗ್, ಏರ್ ಫಿಲ್ಟರ್, ಕೂಲಂಟ್ ಮೂರೂ ಹೊಸದು ಹಾಕಿಸಬಹುದು. ಮೈಲೇಜ್‌ಗೆ ಅದರಿಂದ ಸಿಗುವ ಲಾಭ ಜಾಸ್ತಿ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಬೇಡಿ. ಒಂದೇ ಪಂಪು, ಒಂದೇ ಪೈಪು, ಪೈಪು ತಾನಾಗಿ ಕಟ್ ಆಗುವ ತನಕ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಮತ್ತೆ ಅಲ್ಲೇ ಕಟ್ ಆಗುವ ತನಕ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಸಾದಾದಲ್ಲಿ ಮೂರು ಸಲ, ಪ್ರೀಮಿಯಂನಲ್ಲಿ ಮೂರು ಸಲ. ಪ್ರೀಮಿಯಂನ ಮೊದಲ ಟ್ಯಾಂಕ್ ಲೆಕ್ಕಕ್ಕೆ ಹಿಡಿಯಬೇಡಿ, ಹಳೆಯದು ಬೆರೆತಿರುತ್ತದೆ. ಟೈರಿನ ಗಾಳಿ ಆರೂ ಸಲ ಒಂದೇ ಇರಲಿ. ಬಾಗಲಕೋಟೆಯಿಂದ ಹುಬ್ಬಳ್ಳಿಗೆ ಒಂದು ಸಲ, ನವನಗರದ ಒಳಗೇ ಒಂದು ಸಲ ಓಡಿಸಿ ಹೋಲಿಸಿದರೆ ಅದು ಲೆಕ್ಕವಲ್ಲ, ದಾರಿಯೂ ಅದೇ ಇರಬೇಕು.

ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ದಯವಿಟ್ಟು ಬೇಡ. ಕೆಲವದರಲ್ಲಿ ಮ್ಯಾಂಗನೀಸ್ ಇರುತ್ತದೆ, ಪ್ಲಗ್ ತುದಿಯಲ್ಲಿ ಕೆಂಪು ಪದರ ಕೂರುತ್ತದೆ. ಜಾಸ್ತಿ ಬೇಕಾದ ಗಾಡಿಗೆ ಪಂಪಿನಲ್ಲೇ ಸಿಗುವಾಗ ಸೀಸೆ ಯಾಕೆ?

ಪಂಪಿನಲ್ಲಿ ನೋಡಬೇಕಾದ್ದು

ಪಂಪಿನಲ್ಲಿ ಆಕ್ಟೇನ್ ಅಳೆಯುವ ಉಪಕರಣ ಇರುವುದಿಲ್ಲ. ಡಿಸ್‌ಪ್ಲೇ ಮೇಲೆ ಡೆನ್ಸಿಟಿ ತೋರಿಸುತ್ತದೆ, ಅದನ್ನು ನೋಡಿ "ಡೆನ್ಸಿಟಿ ಜಾಸ್ತಿ ಇದೆ, ಪೆಟ್ರೋಲ್ ಗಟ್ಟಿ ಇದೆ" ಅನ್ನುವವರಿದ್ದಾರೆ. ಡೆನ್ಸಿಟಿಗೂ ಆಕ್ಟೇನಿಗೂ ಸಂಬಂಧ ಇಲ್ಲ. ಡೆನ್ಸಿಟಿ ಉಪಯೋಗಕ್ಕೆ ಬರುವುದು ಕಲಬೆರಕೆ ಹಿಡಿಯಲು. ಅವತ್ತು ಪಂಪಿನವರು ಬರೆದಿಟ್ಟ ಡೆನ್ಸಿಟಿಗೂ, ನಿಮ್ಮ ಎದುರು ಅಳೆದು 15 ಡಿಗ್ರಿಗೆ ಲೆಕ್ಕ ಹಾಕಿದ್ದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಜಾಸ್ತಿ ಅಂತರ ಇದ್ದರೆ ಅನುಮಾನ ಪಡಬೇಕು. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಡಿಮೆ, ಸ್ವಲ್ಪ ಬೆರೆತರೂ ಒಟ್ಟು ನಂಬರ್ ಕೆಳಗೆ ಬೀಳುತ್ತದೆ, ಎಂಜಿನ್ ಕಟಕಟ ಅನ್ನುತ್ತದೆ. ಫಿಲ್ಟರ್ ಪೇಪರ್ ಕೇಳಿ, ಪೈಪಿನ ತುದಿಯಿಂದ ಒಂದು ಹನಿ ಬಿಡಿ, ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಇದನ್ನು ಕೇಳುವುದು ಗ್ರಾಹಕರ ಹಕ್ಕು, ಪಂಪಿನವರು ಪೇಪರ್ ಇಟ್ಟಿರಲೇಬೇಕು. ಸಂಕೋಚ ಬೇಡ.

ಯಾವಾಗಲೂ ಸುಮ್ಮನಿದ್ದ ಗಾಡಿ ಒಂದು ಪಂಪಿನಲ್ಲಿ ತುಂಬಿಸಿದ ಮಾರನೇ ದಿನವೇ ಸದ್ದು ಮಾಡಿದರೆ ಆ ಬಿಲ್ ಎತ್ತಿಡಿ. ಮುಂದಿನ ಸಲ ಬೇರೆ ಕಡೆ ತುಂಬಿಸಿ ನೋಡಿ.

ಕೊನೆಗೆ ಮಳೆಗಾಲದ ವಿಷಯ, ಖಾನಾಪುರ, ಜಾಂಬೋಟಿ ಕಡೆಯವರು ಇದನ್ನು ಗಮನವಿಟ್ಟು ಓದಿ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದು ನೀರು ಇಳಿದರೆ, ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥನಾಲ್ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತವೆ. ಆಗ ಮೇಲೆ ಉಳಿಯುವುದು ಎಥನಾಲ್ ಕಳೆದುಕೊಂಡ ಪೆಟ್ರೋಲ್, ಅದರ ಆಕ್ಟೇನ್ 95 ಇರುವುದಿಲ್ಲ, ಎಷ್ಟೋ ಕೆಳಗೆ ಹೋಗಿರುತ್ತದೆ. ಎಂಜಿನ್ ಮೊದಲು ಎಳೆದುಕೊಳ್ಳುವುದು ತಳದ ನೀರನ್ನು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳದಲ್ಲಿ ನಿಲ್ಲಿಸಿಡುವ ಬೈಕಿನ ಮುಚ್ಚಳದ ರಬ್ಬರ್ ಮಳೆಗೆ ಮೊದಲೇ ಬದಲಿಸಿ. ತಿಂಗಳುಗಟ್ಟಲೆ ಓಡಿಸದ ಗಾಡಿಯಾದರೆ ಟ್ಯಾಂಕ್ ಪೂರ್ತಿ ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗ ಇರಬಾರದು. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಅದನ್ನು ಇ20ಗೆಂದೇ ಮಾಡಿರಲಿಕ್ಕಿಲ್ಲ, ಹಾಗಾಗಿ ಸರ್ವಿಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪು, ವಾಶರ್ ಮೆತ್ತಗಾಗಿವೆಯಾ, ಬಿರುಕು ಬಿಟ್ಟಿವೆಯಾ ಅಂತ ಕೇಳಿ ನೋಡಿಸಿ. ಮಳೆ ನಿಂತ ಮೇಲೆ ಗಾಡಿ ಸ್ಟಾರ್ಟ್ ಆಗದೆ ಹಟ ಹಿಡಿದರೆ ಒದ್ದು ಒದ್ದು ದಣಿಯಬೇಡಿ, ಟ್ಯಾಂಕ್ ಬಿಚ್ಚಿ ಪೂರ್ತಿ ಬಸಿದು, ಒಣಗಿಸಿ, ಹೊಸ ಸಾದಾ ಪೆಟ್ರೋಲ್ ಹಾಕಿ. ಬಸಿದದ್ದನ್ನು ಮತ್ತೆ ಬೇರೆ ಗಾಡಿಗೆ ಸುರಿಯಬೇಡಿ.